ಕೂಸು ನೋಡಿಕೊಳ್ಳುವ ಕೆಲಸಕ್ಕೆ ಕೂಲಿ ಎಷ್ಟು?

ದಿನಕ್ಕೆ 37 ರೂಪಾಯಿ 60 ಪೈಸೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನಲ್ಲಿ ಇಬ್ಬರು ಹೆಣ್ಣುಮಕ್ಕಳು 25 ಕೂಸುಗಳನ್ನು ನೋಡಿಕೊಳ್ಳುತ್ತಾರೆ ಎನ್ನೋಣ. ಇಬ್ಬರಿಗೂ ಉದ್ಯೋಗ ಖಾತ್ರಿಯ 2025-26ರ ಪೂರ್ತಿ ಕೂಲಿ ಕೊಟ್ಟು, ಮಕ್ಕಳ ಆಹಾರಕ್ಕೆ ಸರ್ಕಾರದ ದರದಲ್ಲೇ ಹಣ ಹಾಕಿದರೆ ಒಂದು ಕೂಸಿಗೆ ತಗಲುವ ಖರ್ಚು ಇಷ್ಟು. ಅದೇ ದಿನ ಅದೇ ದರದಲ್ಲಿ ಕೂಸಿನ ತಾಯಿ ದುಡಿದರೆ ಕೈಗೆ ಬರುವುದು 370 ರೂಪಾಯಿ. ತಾಯಿಯ ಕೂಲಿಯ ಸುಮಾರು ಹತ್ತರಲ್ಲಿ ಒಂದು ಪಾಲು ಖರ್ಚು ಮಾಡಿದರೆ ಕೂಸಿಗೆ ಊಟ, ನಿಗಾ ಸಿಗುತ್ತದೆ.

‘ಮಕ್ಕಳನ್ನು ತಾಯಿಯೇ ನೋಡಿಕೊಳ್ಳಬೇಕು, ಅದಕ್ಕೇನು ಖರ್ಚು?’ ಎನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಶಿಶುಪಾಲನಾ ಕೇಂದ್ರ ಎಂದರೆ ಬೆಂಗಳೂರಿನ ಐಟಿ ದಂಪತಿಗಳ ಅನುಕೂಲ ಎಂಬ ಕಲ್ಪನೆಯೂ ಇದೆ. ರಾಯಚೂರು ಜಿಲ್ಲೆಯ ಹತ್ತಿ ಹೊಲದಲ್ಲಿ ಈ ಎರಡೂ ನಂಬಿಕೆಗಳನ್ನು ಅಂಕಿಗಳ ಮುಂದಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಲ್ಲಿ ಕೂಸಿನ ಪಾಲನೆಗೆ ಈಗಲೂ ಬೆಲೆ ತೆರಲಾಗುತ್ತಿದೆ. ತೆರುತ್ತಿರುವವರು ತಾಯಿ, ಹತ್ತು ವರ್ಷದ ಅಕ್ಕ ಮತ್ತು ಸ್ವತಃ ಆ ಕೂಸು. ಯಾವ ಖಾತೆಯಲ್ಲೂ ಅದು ಬರೆದಿಲ್ಲ, ಅಷ್ಟೆ.

ಒಂದು ಮನೆಯ ಲೆಕ್ಕ

ಜಾಲಹಳ್ಳಿ ಇರುವುದು ದೇವದುರ್ಗದಿಂದ ತಿಂಥಣಿ ಸೇತುವೆಗೆ ಹೋಗುವ ದಾರಿಯಲ್ಲಿ. ಈ ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆ ಹೆಚ್ಚಿತು. ನೀರು ತಲುಪದ ಹೊಲಗಳಲ್ಲಿ ತೊಗರಿ, ಸಜ್ಜೆ. ಕಳೆ ತೆಗೆಯುವುದು, ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಇವೆಲ್ಲ ಬಹುಪಾಲು ಹೆಂಗಸರ ಕೆಲಸ. ಆದ್ದರಿಂದ ಈ ಊರುಗಳಲ್ಲಿ ‘ದುಡಿಯುವ ತಾಯಿ’ ಹೊಸ ಕಾಲದವಳಲ್ಲ. ತಲೆಮಾರುಗಳಿಂದ ಇಲ್ಲಿ ತಾಯಂದಿರು ದುಡಿಯುತ್ತಲೇ ಇದ್ದಾರೆ.

ಎರಡು ವರ್ಷದ ಕೂಸಿರುವ ಒಂದು ಕೂಲಿ ಮನೆಯನ್ನು ತೆಗೆದುಕೊಳ್ಳೋಣ. ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 2023-24ರಲ್ಲಿ 316 ರೂ., 2024-25ರಲ್ಲಿ 349 ರೂ., 2025-26ರಲ್ಲಿ 370 ರೂ. ಕಾಯ್ದೆ 100 ದಿನದ ಮಾತು ಕೊಟ್ಟಿದ್ದರೂ ದೇಶದಲ್ಲಿ ಒಂದು ಕುಟುಂಬಕ್ಕೆ ಸಿಕ್ಕ ಕೆಲಸದ ಸರಾಸರಿ 50 ದಿನದ ಆಸುಪಾಸಿನಲ್ಲೇ ಉಳಿದಿತ್ತು. ಆ ಸರಾಸರಿಯನ್ನೇ ಹಿಡಿದರೆ 50 ದಿನಕ್ಕೆ 18,500 ರೂ.

ಇನ್ನು ಹತ್ತಿ. ಬಿಡಿಸುವ ಕೂಲಿಯನ್ನು ಕೆ.ಜಿ. ಲೆಕ್ಕದಲ್ಲಿ ಕೊಡುತ್ತಾರೆ. ದರ ವರ್ಷದಿಂದ ವರ್ಷಕ್ಕೆ, ಊರಿಂದ ಊರಿಗೆ ಬದಲಾಗುತ್ತದೆ. ಇಲ್ಲಿ ಲೆಕ್ಕಕ್ಕಾಗಿ ಕೆ.ಜಿ.ಗೆ 10 ರೂ., ದಿನಕ್ಕೆ 35 ಕೆ.ಜಿ., ಹಂಗಾಮಿನಲ್ಲಿ 60 ದಿನ ಎಂದು ಇಟ್ಟುಕೊಂಡಿದ್ದೇನೆ. ಓದುಗರು ತಮ್ಮ ಊರಿನ ದರ ಹಾಕಿ ನೋಡಬಹುದು. ದಿನಕ್ಕೆ 350 ರೂ.ಗಳಂತೆ 60 ದಿನಕ್ಕೆ 21,000 ರೂ. ಎರಡೂ ಸೇರಿ ತಾಯಿಯ ವರ್ಷದ ಗಳಿಕೆ 39,500 ರೂ.

ಈ ತಾಯಿಯ ಮುಂದೆ ಮೂರು ದಾರಿಗಳಿವೆ. ಮೂರಕ್ಕೂ ಬೆಲೆ ಇದೆ.

ಮೊದಲನೆಯದು, ಮನೆಯಲ್ಲೇ ಉಳಿಯುವುದು. ಬೆಲೆ: ವರ್ಷಕ್ಕೆ 39,500 ರೂ.

ಎರಡನೆಯದು, ಕೂಸನ್ನು ಹೊಲಕ್ಕೆ ಒಯ್ಯುವುದು. ಬದುವಿನ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದರೂ ನಡುನಡುವೆ ಎದ್ದು ಬರಬೇಕು, ಹಾಲು ಕೊಡಬೇಕು, ಅತ್ತರೆ ಎತ್ತಿಕೊಳ್ಳಬೇಕು. 35 ಕೆ.ಜಿ. ಬಿಡಿಸುವ ಕೈ 25 ಕೆ.ಜಿ.ಗೆ ಇಳಿದರೆ ದಿನಕ್ಕೆ 100 ರೂ. ನಷ್ಟ, 60 ದಿನಕ್ಕೆ 6,000 ರೂ. ಇದು ಹಣದ ಲೆಕ್ಕ ಮಾತ್ರ. ಔಷಧಿ ಹೊಡೆದ ಗಿಡ, ಹುಳಹುಪ್ಪಡಿ, ಕಾಲುವೆಯ ನೀರು, ಬಿಸಿಲು ಇವುಗಳ ನಡುವೆ ಕೂಸು ಕಳೆಯುವ ಹೊತ್ತಿಗೆ ಬೆಲೆ ಕಟ್ಟಲಾಗುವುದಿಲ್ಲ.

ಮೂರನೆಯದು, ದೊಡ್ಡ ಮಗಳ ಕೈಗೆ ಕೊಟ್ಟು ಹೋಗುವುದು. ಇದಕ್ಕೆ ರೊಕ್ಕ ಖರ್ಚಾಗುವುದಿಲ್ಲ. ಆದರೆ ಈ ದಾರಿಯೇ ಎಲ್ಲಕ್ಕಿಂತ ದುಬಾರಿ.

ಅಕ್ಕನ ಶಾಲೆಯ ದಿನಗಳು

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200, 6ರಿಂದ 8ನೇ ತರಗತಿಗೆ 220 ಶಾಲಾ ದಿನಗಳಿರಬೇಕು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಸು ನೋಡಿಕೊಳ್ಳಲು ಐದನೇ ತರಗತಿಯ ಹುಡುಗಿ 40 ದಿನ ಶಾಲೆ ತಪ್ಪಿಸಿದರೂ ಅವಳ ವರ್ಷದ ಓದಿನಲ್ಲಿ ಐದರಲ್ಲಿ ಒಂದು ಪಾಲು ಹೋಯಿತು. ಹೋಗುವುದು ಬಿಡಿ ದಿನಗಳಲ್ಲ, ನಡುಗಾಲದ ಪಾಠಗಳು ಸಾಲಾಗಿ ಹೋಗುತ್ತವೆ. ಭಿನ್ನರಾಶಿ ಕಲಿಸಿದ ವಾರಗಳಲ್ಲಿ ಇಲ್ಲದ ಹುಡುಗಿಗೆ ಮುಂದಿನ ವರ್ಷದ ಗಣಿತ ಬಾಗಿಲು ಹಾಕುತ್ತದೆ. ಎರಡು ಮೂರು ಹಂಗಾಮು ಹೀಗೇ ಕಳೆದರೆ ‘ಓದು ತಲೆಗೆ ಹತ್ತಲಿಲ್ಲ’ ಎಂಬ ಮಾತು ಬರುತ್ತದೆ. ಆಮೇಲೆ ಹೊಲ, ಆಮೇಲೆ ಬೇಗ ಮದುವೆ.

ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಸಿಕೊಳ್ಳುವ ಈ ಹುಡುಗಿಯರೇ ಕಲ್ಯಾಣ ಕರ್ನಾಟಕದ ಅತಿ ದೊಡ್ಡ ಶಿಶುಪಾಲನಾ ವ್ಯವಸ್ಥೆ. ಅವರಿಗೆ ಗೌರವಧನವಿಲ್ಲ, ತರಬೇತಿಯಿಲ್ಲ. ಹತ್ತು ವರ್ಷದ ಹುಡುಗಿ ಒಂದು ವರ್ಷದ ತಮ್ಮನನ್ನು ಎಷ್ಟು ಪ್ರೀತಿಯಿಂದ ನೋಡಿಕೊಂಡರೂ, ಅವನಿಗೆ ವಾಂತಿಭೇದಿ ಶುರುವಾದರೆ ಏನು ಮಾಡಬೇಕೆಂದು ಅವಳಿಗೆ ತಿಳಿಯದು. ಒಂದು ಮನೆಯಲ್ಲಿ ಇಬ್ಬರು ಮಕ್ಕಳ ಬಾಲ್ಯಕ್ಕೂ ಪೆಟ್ಟು ಬೀಳುತ್ತದೆ.

ಹೊಲದ ಹೊತ್ತು, ಅಂಗನವಾಡಿಯ ಹೊತ್ತು

‘ಅಂಗನವಾಡಿ ಇದೆಯಲ್ಲ?’ ಎಂದು ಕೇಳುವುದು ಸಹಜ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಐವತ್ತು ವರ್ಷದಲ್ಲಿ ಕಟ್ಟಿದ ಈ ಜಾಲ ದೊಡ್ಡ ಆಸ್ತಿ, ಅನುಮಾನವೇ ಬೇಡ.

ಆದರೆ ಅಂಗನವಾಡಿಯಲ್ಲಿ ದಿನವಿಡೀ ಕೂರುವುದು 3ರಿಂದ 6 ವರ್ಷದ ಮಕ್ಕಳು. ಮೂರು ವರ್ಷದೊಳಗಿನವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ, ಚುಚ್ಚುಮದ್ದು, ತೂಕದ ತಪಾಸಣೆ. ಅವರನ್ನು ಬಿಟ್ಟುಹೋಗಲು ಅಲ್ಲಿ ಜಾಗವಿಲ್ಲ, ನೋಡಿಕೊಳ್ಳಲು ಕೈಯಿಲ್ಲ.

ಮೂರು ವರ್ಷ ದಾಟಿದವರಿಗೂ ಹೊತ್ತು ಹೊಂದುವುದಿಲ್ಲ. ಹತ್ತಿ ಬಿಡಿಸಲು ಬೆಳಿಗ್ಗೆ 7ಕ್ಕೆ ಮನೆ ಬಿಟ್ಟು ಸಂಜೆ 5.30ಕ್ಕೆ ಮರಳುವ ತಾಯಿ ಹತ್ತೂವರೆ ಗಂಟೆ ಹೊರಗಿರುತ್ತಾಳೆ. ಅಂಗನವಾಡಿ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ, ಆರೂವರೆ ಗಂಟೆ ತೆರೆದಿರುತ್ತದೆ. ಉಳಿದ ನಾಲ್ಕು ಗಂಟೆ? ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯ ಶಿಶುಪಾಲನಾ ಕೇಂದ್ರಕ್ಕೆ ಗೊತ್ತುಪಡಿಸಿದ ಅವಧಿ ಏಳೂವರೆ ಗಂಟೆ. ಅಲ್ಲಿಯೂ ಮೂರು ಗಂಟೆ ಬಾಕಿ. ಆ ಬಾಕಿ ಗಂಟೆಗಳನ್ನು ತುಂಬಲು ಮತ್ತೆ ಅಕ್ಕ ಬೇಕು. ಬೆಳಿಗ್ಗೆ ತಮ್ಮನನ್ನು ಅಂಗನವಾಡಿಗೆ ಬಿಟ್ಟು ತಾನು ತಡವಾಗಿ ಶಾಲೆಗೆ ಹೋಗುವವಳು, ಇಲ್ಲವೇ ಹೋಗದೇ ಇರುವವಳು ಅವಳೇ.

ಹೊತ್ತು ಹೊಂದದಿದ್ದರೆ ಒಳ್ಳೆಯ ಯೋಜನೆಯೂ ಎಡವುತ್ತದೆ. ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ‘ಮಾತೃಪೂರ್ಣ’ ಯೋಜನೆಯನ್ನು 2017ರಲ್ಲಿ ಪ್ರಾಯೋಗಿಕವಾಗಿ ನಡೆಸಿದ ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯೂ ಒಂದು. ಅದೇ ವರ್ಷದ ಅಕ್ಟೋಬರ್ 2ರಿಂದ ಅದು ರಾಜ್ಯಕ್ಕೆಲ್ಲ ಬಂತು. ಊಟದ ಬಗ್ಗೆ ತಕರಾರಿರಲಿಲ್ಲ. ಮಧ್ಯಾಹ್ನ ಹೊಲದ ಕೆಲಸ ಬಿಟ್ಟು ಅಂಗನವಾಡಿಗೆ ನಡೆದು ಬಂದು ಊಟ ಮಾಡಿ ಮರಳುವುದು ಕೂಲಿ ಹೆಂಗಸರಿಗೆ ಕಷ್ಟವಾಯಿತು. ಕಚೇರಿಯ ಗಡಿಯಾರಕ್ಕೆ ತಕ್ಕಂತೆ ರೂಪಿಸಿದ ಸೇವೆ ಹೊಲದ ಹೆಣ್ಣುಮಕ್ಕಳನ್ನು ತಲುಪಬೇಕಾದರೆ ಗಡಿಯಾರವೇ ಬದಲಾಗಬೇಕು.

ಹೊಟ್ಟೆಗೆ ಇಳಿಯದ ಕ್ಯಾಲೊರಿ

ಒಂದರಿಂದ ಎರಡು ವರ್ಷದ ಕೂಸಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 550 ಕ್ಯಾಲೊರಿಯ ಮೇಲಾಹಾರ ಬೇಕು, ಅದನ್ನು ಮೂರು ನಾಲ್ಕು ಊಟಗಳಲ್ಲಿ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸಿನ ಹೊಟ್ಟೆ ಚಿಕ್ಕದು. ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 30 ಮಿ.ಲೀ. ಹಿಡಿಯುತ್ತದೆ. 9 ಕೆ.ಜಿ. ಕೂಸಿಗೆ ಒಂದು ಸಲಕ್ಕೆ 270 ಮಿ.ಲೀ. ಮಾತ್ರ. ಹಾಗಾಗಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೊಟ್ಟೆ ತುಂಬ ಉಣ್ಣಿಸಿದರೆ ಆಗುವುದಿಲ್ಲ. ತಾಯಿ ಹತ್ತೂವರೆ ಗಂಟೆ ಹೊರಗಿದ್ದರೆ ನಾಲ್ಕು ಊಟಗಳಲ್ಲಿ ಎರಡು ಅವಳಿಲ್ಲದ ಹೊತ್ತಿನಲ್ಲೇ ಬರುತ್ತವೆ.

ಸರ್ಕಾರದ ಪೂರಕ ಆಹಾರದ ಮಾನದಂಡ 2013ರಲ್ಲಿ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದಿತ್ತು. ಕಾಗದದ ಮೇಲೆ ಹೆಚ್ಚುಕಮ್ಮಿ ಸಾಲುತ್ತದೆ. ಆದರೆ ಪೊಟ್ಟಣ ಮನೆಗೆ ಹೋದರೆ ಅದನ್ನು ಬೇಯಿಸಿ, ಆರಿಸಿ, ಕೂಸು ಮುಖ ತಿರುಗಿಸಿದಾಗ ಮತ್ತೆ ಮತ್ತೆ ಬಾಯಿಗಿಡುವ ಒಬ್ಬರು ಬೇಕು. ಆ ಒಬ್ಬರಿಗೆ ಸರ್ಕಾರದ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿದ್ದವರು ಶೇ 11 ಮಾತ್ರ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇ 32.9 ಮಂದಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ.

ರಾಯಚೂರು ಜಿಲ್ಲೆಗೆ ಈ ಅಂಕಿಗಳು ಹೊಸವಲ್ಲ. 2011ರಲ್ಲಿ ಇಲ್ಲಿನ ಮಕ್ಕಳ ಅಪೌಷ್ಟಿಕತೆ, ಅದರಲ್ಲೂ ದೇವದುರ್ಗದ ಸ್ಥಿತಿ, ರಾಜ್ಯವನ್ನೇ ಬೆಚ್ಚಿಬೀಳಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅಧ್ಯಕ್ಷತೆಯ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಅಲ್ಲಿಂದೀಚೆಗೆ ಮೊಟ್ಟೆ ಬಂತು, 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. ಆಹಾರ ಸೇರಿಸಿದೆವು, ಉಣ್ಣಿಸುವ ಕೈಗಳನ್ನು ಸೇರಿಸಲಿಲ್ಲ.

ಮೊದಲ ಆರು ತಿಂಗಳು ತಾಯಿಯ ಮಡಿಲೇ ಬೇಕು

ಹಾಗೆಂದು ಶಿಶುಪಾಲನಾ ಕೇಂದ್ರವೇ ಎಲ್ಲಕ್ಕೂ ಪರಿಹಾರ ಎನ್ನಲಾಗದು. ಮೊದಲ ಆರು ತಿಂಗಳು ಎದೆಹಾಲೇ ಪೂರ್ತಿ ಆಹಾರ. ಆ ಅವಧಿಯಲ್ಲಿ ಕೂಸು ತಾಯಿಯ ಬಳಿ ಇರಬೇಕು. ಇದರ ಬಗ್ಗೆ ವೈದ್ಯರಲ್ಲಿ ಎರಡು ಮಾತಿಲ್ಲ. ತಾಯಿಯ ಆರೈಕೆ ಶ್ರೇಷ್ಠ ಎನ್ನುವ ಸಮಾಜ ಆ ಆರು ತಿಂಗಳಿಗೆ ಎಷ್ಟು ಕೊಡುತ್ತದೆ?

ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಕೊಟ್ಟಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಸಂಘಟಿತ ವಲಯದ ತಾಯಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. ಹೊಲದ ಕೂಲಿಯವಳಿಗೆ ಈ ಮೂರರಲ್ಲಿ ಯಾವುದೂ ಇಲ್ಲ. ಅವಳಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂ.

ಅದೇ 26 ವಾರಗಳನ್ನು, ವಾರಕ್ಕೆ ಆರು ದಿನದಂತೆ, ಉದ್ಯೋಗ ಖಾತ್ರಿ ದರದಲ್ಲಿ ಎಣಿಸಿದರೆ 156 ದಿನಕ್ಕೆ 57,720 ರೂ. ಆಗುತ್ತದೆ. ಐದು ಸಾವಿರ ಅದರ ಶೇ 8.7. ದಿನಗಳಲ್ಲಿ ಹೇಳುವುದಾದರೆ ಹದಿಮೂರೂವರೆ ದಿನದ ಕೂಲಿ. ಆರು ತಿಂಗಳು ಕೂಸಿನ ಜೊತೆಗಿರು ಎಂದು ಹೇಳಿ ಎರಡು ವಾರದ ಕೂಲಿ ಕೊಟ್ಟರೆ ಮೂರನೆಯ ವಾರ ಅವಳು ಹೊಲಕ್ಕೆ ಹೋಗಲೇಬೇಕು.

ತಂದೆಯ ಪಾಲನ್ನೂ ಎಣಿಸಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಗಂಡಸರಲ್ಲಿ ಶೇ 21.4. ಹಾಗೆ ತೊಡಗಿದ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಅದಕ್ಕೆ ಕೊಟ್ಟಿದ್ದರು. ‘ತಂದೆತಾಯಿಯ ಪಾಲನೆ’ ಎಂದು ನಾವು ಕರೆಯುವುದು ಬಹುಪಾಲು ತಾಯಿಯೊಬ್ಬಳ ಪಾಲನೆ. ಅಡುಗೆ, ನೀರು, ಬಟ್ಟೆ ಬೇರೆ.

ಕೂಸಿನ ಮನೆ: ಖರ್ಚೆಷ್ಟು, ಗಳಿಕೆ ಎಷ್ಟು

ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಮೊದಲಿನಿಂದಲೂ ಒಂದು ಒಳ್ಳೆಯ ನಿಯಮವಿತ್ತು. ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಕೂಲಿಯವರಲ್ಲೇ ಒಬ್ಬ ಹೆಣ್ಣುಮಗಳನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಪೂರ್ತಿ ಕೂಲಿ ಕೊಡಬೇಕು. ಕೂಸು ನೋಡಿಕೊಳ್ಳುವುದೂ ಮಣ್ಣು ಅಗೆಯುವಷ್ಟೇ ಬೆಲೆಯುಳ್ಳ ದುಡಿಮೆ ಎಂದು ಕಾನೂನು ಒಪ್ಪಿಕೊಂಡ ಅಪರೂಪದ ಜಾಗ ಅದು. ಕರ್ನಾಟಕ ಇದೇ ದಾರಿಯಲ್ಲಿ ಮುಂದೆ ಹೋಗಿ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಪಂಚಾಯಿತಿಯೇ ನಡೆಸುವ ಕೇಂದ್ರ, ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದ ಆರೈಕೆದಾರರು. ರಾಜ್ಯದ ಸುಮಾರು 5,950 ಪಂಚಾಯಿತಿಗಳಲ್ಲಿ ಇದು ಮೂರರಲ್ಲಿ ಎರಡು ಪಾಲು.

25 ಕೂಸುಗಳ ಒಂದು ಮನೆ, ಇಬ್ಬರು ಆರೈಕೆದಾರರು, ವರ್ಷಕ್ಕೆ 300 ದಿನ ಎಂದು ಹಿಡಿದ ನನ್ನ ಲೆಕ್ಕ ಹೀಗಿದೆ. ಕಟ್ಟಡ, ಆಟಿಕೆ, ಪಾತ್ರೆಗಳ ಒಮ್ಮೆಯ ಖರ್ಚು ಇದರಲ್ಲಿ ಸೇರಿಲ್ಲ.

ಆರೈಕೆದಾರರ ಕೂಲಿ (2 × 370 × 300): 2,22,000 ರೂ.
ಆಹಾರ (2017ರ ಸರ್ಕಾರಿ ದರ ಮಗುವಿಗೆ ದಿನಕ್ಕೆ 8 ರೂ.; 25 × 8 × 300): 60,000 ರೂ.
ಒಟ್ಟು: 2,82,000 ರೂ.
ಒಂದು ಕೂಸಿಗೆ ವರ್ಷಕ್ಕೆ: 11,280 ರೂ.
ಒಂದು ಕೂಸಿಗೆ ದಿನಕ್ಕೆ: 37.60 ರೂ.

ಇದರ ಎದುರಿಗೆ 25 ತಾಯಂದಿರ ವರ್ಷದ ಗಳಿಕೆ, ತಲಾ 39,500ರಂತೆ, 9,87,500 ರೂ. ಖರ್ಚಿನ ಮೂರೂವರೆ ಪಟ್ಟು. ಎಷ್ಟು ಮಕ್ಕಳು ಬಂದರೆ ಗಳಿಕೆ ಖರ್ಚನ್ನು ದಾಟುತ್ತದೆ? ಆರು ಮಕ್ಕಳಿಗೆ ಖರ್ಚು 2,36,400 ರೂ., ಆರು ತಾಯಂದಿರ ಗಳಿಕೆ 2,37,000 ರೂ. ಆರು ಸಾಕು. ಕೂಸಿನ ಮನೆ ಇಲ್ಲದಿದ್ದರೂ ಈ ತಾಯಂದಿರು ಹೇಗೋ ಅರ್ಧ ಗಳಿಸುತ್ತಿದ್ದರು ಎಂದು ಕಳೆದರೂ 13 ಮಕ್ಕಳಿಗೆ ಲೆಕ್ಕ ಸರಿಹೋಗುತ್ತದೆ. ಅಕ್ಕ ಶಾಲೆಗೆ ಹೋದದ್ದು, ಕೂಸಿನ ತೂಕ ಏರಿದ್ದು ಇದರಲ್ಲಿ ಸೇರಿಲ್ಲ.

ಹಾಜರಾತಿ ಇಳಿದರೆ ಮಾತ್ರ ಲೆಕ್ಕ ಕೆಡುತ್ತದೆ. 10 ಮಕ್ಕಳಷ್ಟೇ ಬಂದರೆ ಒಂದು ಕೂಸಿನ ವರ್ಷದ ಖರ್ಚು 24,600 ರೂ.ಗೆ ಏರುತ್ತದೆ. ಅಂದರೆ ಕೂಸಿನ ಮನೆಯ ಹಣಕಾಸು ನಿಂತಿರುವುದು ತಾಯಂದಿರ ನಂಬಿಕೆಯ ಮೇಲೆ. ಬಾಗಿಲು ಹೊತ್ತಿಗೆ ತೆರೆಯುವುದಿಲ್ಲ, ನೋಡಿಕೊಳ್ಳುವವರು ಬದಲಾಗುತ್ತಲೇ ಇರುತ್ತಾರೆ ಎಂದರೆ ಯಾವ ತಾಯಿಯೂ ಕೂಸನ್ನು ಬಿಟ್ಟುಹೋಗಲಾರಳು, ಹೋಗಲೂಬಾರದು.

ಅಗ್ಗ ಮಾಡಿದರೆ ಕೂಸಿಗೆ ನಷ್ಟ

ಕೇಂದ್ರವೋ ಮನೆಯೋ ಎಂಬ ಪ್ರಶ್ನೆಗೆ ದೊಡ್ಡ ಅಧ್ಯಯನಗಳು ಕೊಟ್ಟ ಉತ್ತರ ಎಚ್ಚರಿಕೆಯದ್ದು. ಅಮೆರಿಕದಲ್ಲಿ 1991ರಿಂದ 1,364 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದು, ಮಗುವಿನ ಬೆಳವಣಿಗೆಯ ಮೇಲೆ ಕೇಂದ್ರಕ್ಕಿಂತ ಕುಟುಂಬದ ಪ್ರಭಾವವೇ ಹೆಚ್ಚು ಎಂದು ಕಂಡಿತು. ಕೇಂದ್ರದ ಗುಣಮಟ್ಟ ಚೆನ್ನಾಗಿದ್ದ ಕಡೆ ಮಕ್ಕಳ ಭಾಷೆ, ಕಲಿಕೆ ತುಸು ಮುಂದಿತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ಶುಲ್ಕದ ಶಿಶುಪಾಲನೆ ಶುರುಮಾಡಿತು. ದುಡಿಯುವ ತಾಯಂದಿರ ಸಂಖ್ಯೆ ಗಮನಾರ್ಹವಾಗಿ ಏರಿತು. ಆದರೆ ಮಕ್ಕಳಲ್ಲಿ ಆತಂಕ, ಮುಂಗೋಪ ಹೆಚ್ಚಿದವೆಂದು ಅರ್ಥಶಾಸ್ತ್ರಜ್ಞರು ತೋರಿಸಿದರು. ಸಂಖ್ಯೆ ಓಡಿದ ವೇಗದಲ್ಲಿ ಗುಣಮಟ್ಟ ಬರಲಿಲ್ಲ ಎಂಬುದು ಆ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ವಿವರಣೆ.

ನಮಗೂ ಇದೇ ಅಪಾಯವಿದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಆರೈಕೆದಾರರಿರಬೇಕು ಎಂಬುದು ಕೇಂದ್ರ ಸರ್ಕಾರದ್ದೇ 2018ರ ಮಾರ್ಗಸೂಚಿ. 25 ಕೂಸುಗಳಿಗೆ ಇಬ್ಬರು ಸಾಲುವುದಿಲ್ಲ, ಮೂವರು ಬೇಕು. ಒಬ್ಬಳು ಬಟ್ಟೆ ಬದಲಿಸುತ್ತಿದ್ದರೆ, ಇನ್ನೊಬ್ಬಳು ಒಲೆಯ ಮುಂದಿದ್ದರೆ ಉಳಿದ 24 ಮಕ್ಕಳ ಮೇಲೆ ಯಾರ ಕಣ್ಣು?

ಇನ್ನೂ ಗಂಭೀರವಾದದ್ದು ನೂರು ದಿನದ ಮಿತಿ. ಆರೈಕೆದಾರರ ಕೂಲಿ ಉದ್ಯೋಗ ಖಾತ್ರಿಯಿಂದ ಬರುತ್ತಿದ್ದುದರಿಂದ ಒಬ್ಬಳು ವರ್ಷಕ್ಕೆ 100 ದಿನ ಮೀರಿ ಇರುವಂತಿರಲಿಲ್ಲ. 300 ದಿನ ಇಬ್ಬರಂತೆ 600 ಮಾನವ ದಿನಗಳಿಗೆ ಕನಿಷ್ಠ ಆರು ಜನ ಬದಲಾಗಬೇಕಿತ್ತು. ಒಂದು ವರ್ಷದ ಕೂಸಿಗೆ ಬೇಕಾದ್ದು ದಿನವೂ ಅದೇ ಮುಖ, ಅದೇ ದನಿ, ಅದೇ ತೋಳು. ಅದಕ್ಕೆ ಪರಿಚಯವಾಗುವಷ್ಟರಲ್ಲಿ ಮುಖ ಬದಲಾಗುತ್ತಿತ್ತು. ಜೊತೆಗೆ, 100 ದಿನದ ಹಕ್ಕು ಇಡೀ ಕುಟುಂಬದ್ದಾಗಿತ್ತು. ಆರೈಕೆದಾರಳು ಕೂಸಿನ ಮನೆಯಲ್ಲಿ ದುಡಿದ ಪ್ರತಿ ದಿನ ಅವಳ ಮನೆಯ ಜಾಬ್ ಕಾರ್ಡಿನಿಂದ ಒಂದು ದಿನ ಕಳೆಯುತ್ತಿತ್ತು.

ವರ್ಷವಿಡೀ ಇರುವ ಇಬ್ಬರನ್ನು ಇದೇ ದಿನಗೂಲಿಯಲ್ಲಿ ನೇಮಿಸಿದರೆ ಎಷ್ಟಾಗುತ್ತದೆ? ತಿಂಗಳಿಗೆ 26 ದಿನದಂತೆ 12 ತಿಂಗಳಿಗೆ 2,30,880 ರೂ. ಸರದಿಯ ವ್ಯವಸ್ಥೆಗಿಂತ 8,880 ರೂ. ಮಾತ್ರ ಹೆಚ್ಚು, ಅದೂ 12 ದಿನ ಹೆಚ್ಚು ಕೆಲಸಕ್ಕೆ. ಕೂಸಿಗೆ ಸ್ಥಿರವಾದ ತೋಳು ಕೊಡಲು ಹೆಚ್ಚುವರಿ ಹಣ ಬೇಕಿಲ್ಲ, ನಿಯಮ ಬದಲಾದರೆ ಸಾಕು.

ಕಡಿಮೆ ಸಂಬಳದಲ್ಲಿ ಕೆಲಸ ಮಾಡಿಸುವ ಹಳೆಯ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ಕಂಡಿದ್ದೇವೆ. 2017ರ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 3,000 ರೂ., ಸಹಾಯಕಿಗೆ 1,500 ರೂ. 26 ದಿನಕ್ಕೆ ಹಂಚಿದರೆ ದಿನಕ್ಕೆ 115 ಮತ್ತು 58 ರೂ. ಆ ವರ್ಷ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ 236 ರೂ. ಮಣ್ಣು ಹೊತ್ತರೆ ಸಿಗುವುದರ ಅರ್ಧಕ್ಕಿಂತ ಕಡಿಮೆಗೆ ಕೂಸುಗಳನ್ನು ಹೊರು ಎಂದೆವು.

ಅದೇ ಯೋಜನೆ ಬಡತನ ರೇಖೆಗಿಂತ ಕೆಳಗಿನ ಮನೆಗಳಿಂದ ಮಗುವಿಗೆ ತಿಂಗಳಿಗೆ 20 ರೂ. ಶುಲ್ಕವನ್ನೂ ಹೇಳಿತ್ತು. 25 ಮಕ್ಕಳಿಂದ ವರ್ಷಕ್ಕೆ ಅದು 6,000 ರೂ. ಆಗುತ್ತದೆ, ಮೇಲಿನ 2,82,000 ರೂ. ಖರ್ಚಿನ ಶೇ 2.1. ಬಡ ತಾಯಂದಿರಿಂದ ಶುಲ್ಕ ಎತ್ತಿ ಕೇಂದ್ರ ನಡೆಸಬಹುದು ಎನ್ನುವವರಿಗೆ ಈ ಅಂಕಿ ಸಾಕು.

ಗುಳೆ ಹೋದ ಕೂಸು

ಹತ್ತಿ ಮುಗಿದ ಮೇಲೆ ಈ ಭಾಗದ ಸಾವಿರಾರು ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಟ್ಟಡ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತು. ಸಣ್ಣ ಕಟ್ಟಡಗಳಲ್ಲಿ ಐದಾರು ಹೆಂಗಸರು ದುಡಿಯುವಾಗ ಆ ನಿಯಮ ಅವರ ಹತ್ತಿರವೂ ಸುಳಿಯುವುದಿಲ್ಲ. ಕಾರ್ಖಾನೆಗೆ 1948ರಲ್ಲೇ ಕಾನೂನು ಬಂತು, ಮುಂದೆ ತಿದ್ದುಪಡಿಯಾಗಿ 30 ಮಹಿಳೆಯರು ಮಿತಿಯಾಯಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 50 ನೌಕರರು ಮಿತಿಯಾಗಿತ್ತು. ಹೊಲಕ್ಕೆ ಯಾವ ಮಿತಿಯೂ ಇಲ್ಲ, ಏಕೆಂದರೆ ಹೊಲಕ್ಕೆ ಕಾನೂನೇ ಇಲ್ಲ. ಜಾಲಹಳ್ಳಿಯಲ್ಲಿ ವರ್ಷವಿಡೀ ನಂಬಬಹುದಾದ ಕೂಸಿನ ಮನೆ ಇದ್ದರೆ, ದುಡಿಯಲು ಹೋಗುವ ಎಲ್ಲರೂ ಕೂಸನ್ನು ಊರಲ್ಲೇ ಬಿಟ್ಟು ಹೋಗುತ್ತಾರೆ ಎಂದಲ್ಲ. ತಾಯಿಯೇ ಊರಲ್ಲಿ ಉಳಿದು ದುಡಿಯಲು ಒಂದು ಕಾರಣ ಸಿಗುತ್ತದೆ.

ಏನು ಮಾಡಬೇಕು, ಎಷ್ಟಾಗುತ್ತದೆ

ಇಬ್ಬರ ಬದಲು ಮೂವರು ಆರೈಕೆದಾರರು. ಒಬ್ಬಳು ಬೆಳಿಗ್ಗೆ 6.30ಕ್ಕೆ ಬಾಗಿಲು ತೆರೆಯುತ್ತಾಳೆ, ಒಬ್ಬಳು ಸಂಜೆ 6ಕ್ಕೆ ಮುಚ್ಚುತ್ತಾಳೆ, ನಡುವಿನ ಹೊತ್ತಿಗೆ ಮೂವರೂ ಇರುತ್ತಾರೆ. ಹತ್ತಿ ಹಂಗಾಮಿನ ಹೊತ್ತಿನ ಸಮಸ್ಯೆ ಇಲ್ಲಿಗೆ ತೀರುತ್ತದೆ. ಅವರ ನೇಮಕ ನೂರು ದಿನಕ್ಕಲ್ಲ, ವರ್ಷಕ್ಕೆ. ಆಹಾರದ ದರ 2017ರ 8 ರೂಪಾಯಿಯಿಂದ 16ಕ್ಕೆ. ಎಂಟು ರೂಪಾಯಿಯಲ್ಲಿ ಒಂದು ಮೊಟ್ಟೆ ಕೊಟ್ಟರೆ ಗಂಜಿಗೆ ಕಾಸಿರುವುದಿಲ್ಲ.

ಮೂವರ ಕೂಲಿ (3 × 370 × 300): 3,33,000 ರೂ.
ಆಹಾರ (25 × 16 × 300): 1,20,000 ರೂ.
ಒಟ್ಟು: 4,53,000 ರೂ.
ಒಂದು ಕೂಸಿಗೆ ದಿನಕ್ಕೆ: 60.40 ರೂ.

ತಾಯಿಯ ಒಂದು ದಿನದ ಕೂಲಿಯ ಆರರಲ್ಲಿ ಒಂದು ಪಾಲಿಗೂ ಇದು ಕಡಿಮೆ. ಕೂಸನ್ನು ಹೊಲಕ್ಕೆ ಒಯ್ದು ದಿನಕ್ಕೆ ಕಳೆದುಕೊಳ್ಳುವ 100 ರೂಪಾಯಿಗಿಂತಲೂ ಕಡಿಮೆ. ಹೀಗೆ 4,000 ಕೂಸಿನ ಮನೆಗಳನ್ನು ನಡೆಸಲು ವರ್ಷಕ್ಕೆ 181 ಕೋಟಿ 20 ಲಕ್ಷ ರೂ. ಬೇಕು. ರಾಜ್ಯದ 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂ. ಅದರ ಪ್ರತಿ ಹತ್ತು ಸಾವಿರ ರೂಪಾಯಿಯಲ್ಲಿ ಸುಮಾರು ನಾಲ್ಕೂವರೆ ರೂಪಾಯಿ.

ಇದರಿಂದ ಜಾಗ ಸಿಗುವುದು ಒಂದು ಲಕ್ಷ ಮಕ್ಕಳಿಗೆ. ರಾಜ್ಯದಲ್ಲಿ ವರ್ಷಕ್ಕೆ 10 ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತಾರೆ. ಆರು ತಿಂಗಳಿಂದ ಮೂರು ವರ್ಷದವರು ಸುಮಾರು 25 ಲಕ್ಷ. ಎಲ್ಲ ಕೂಸಿನ ಮನೆಗಳೂ ತುಂಬಿದರೂ ನೂರು ಮಕ್ಕಳಲ್ಲಿ ನಾಲ್ವರಿಗೆ ಮಾತ್ರ ಜಾಗ. ಎಲ್ಲರಿಗೂ ಬೇಕಾಗುವುದಿಲ್ಲ, ಅಜ್ಜಿ ಇರುವ ಮನೆ, ತಾಯಿ ಇಷ್ಟಪಟ್ಟು ಉಳಿಯುವ ಮನೆ ಬಹಳ ಇವೆ. ಆದ್ದರಿಂದಲೇ ಮೊದಲ ನಾಲ್ಕು ಜಾಗಗಳು ಎಲ್ಲಿ ಹೆಚ್ಚು ಬೇಕೋ ಅಲ್ಲಿಗೆ ಹೋಗಬೇಕು: ದೇವದುರ್ಗ, ಮಾನ್ವಿಯಂಥ ತಾಲ್ಲೂಕುಗಳಿಗೆ, ಹತ್ತಿ ಹೊಲದ ತಾಯಂದಿರಿಗೆ.

ಪ್ರತಿ ಗ್ರಾಮಸಭೆಯಲ್ಲಿ ತಾಯಂದಿರು ಮೂರು ಪ್ರಶ್ನೆ ಕೇಳಬೇಕು. ನಮ್ಮ ಕೂಸಿನ ಮನೆ ಬೆಳಿಗ್ಗೆ ಎಷ್ಟು ಹೊತ್ತಿಗೆ ತೆರೆಯುತ್ತದೆ? ಹೋದ ತಿಂಗಳು ಇದ್ದ ಆರೈಕೆದಾರಳೇ ಈ ತಿಂಗಳೂ ಇದ್ದಾಳೆಯೇ? ಅಲ್ಲಿರುವ ಮಕ್ಕಳಲ್ಲಿ ಎಷ್ಟು ಮಂದಿಯ ತೂಕ ಏರಿದೆ? ಈ ಮೂರಕ್ಕೂ ಪಂಚಾಯಿತಿ ಅಂಕಿಯಲ್ಲಿ ಉತ್ತರ ಕೊಡುವಂತಾದರೆ ದಿನಕ್ಕೆ 60 ರೂಪಾಯಿ 40 ಪೈಸೆ ಸರಿಯಾದ ಜಾಗಕ್ಕೆ ಹೋಗುತ್ತಿದೆ ಎಂದರ್ಥ. ಕೊಡಲಾಗದಿದ್ದರೆ ಆ ಹಣವನ್ನು ಈಗಿನಂತೆಯೇ ಶಾಲೆ ತಪ್ಪಿಸಿದ ಹುಡುಗಿಯೊಬ್ಬಳು ತೆರುತ್ತಿರುತ್ತಾಳೆ.